ಇಲಿ ಸರಿ, ಯಾವ ಇಲಿ? ಗೆರ್ಬಿಲ್‌ಗಳ ಕುಲ ಕೆದಕುತ್ತಿರುವ ವಿಜ್ಞಾನ

1994ರ ಪ್ಲೇಗ್ ಗಾಬರಿ ಅಂದ ಕೂಡಲೇ ಎಲ್ಲರಿಗೂ ಸೂರತ್ ನೆನಪಾಗುತ್ತದೆ. ಅದಕ್ಕೂ ಹಿಂದೆ ದೇಶದಲ್ಲಿ ಮನುಷ್ಯರಿಗೆ ಪ್ಲೇಗ್ ತಗುಲಿದ ಕೊನೆಯ ದಾಖಲೆ ಎಲ್ಲಿಯದು ಎಂಬುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅದು ನಮ್ಮ ಕೋಲಾರ ಜಿಲ್ಲೆಯ ಮುಳಬಾಗಿಲಿನದು, 1966ರದು. ನಡುವಿನ 28 ವರ್ಷ ಯಾರಿಗೂ ರೋಗ ಬಂದ ದಾಖಲೆ ಇಲ್ಲ. ಹಾಗಾದರೆ ಅಷ್ಟು ವರ್ಷ ಪ್ಲೇಗ್‌ನ ಬ್ಯಾಕ್ಟೀರಿಯಾ ಎಲ್ಲಿ ಅಡಗಿತ್ತು?

ಮನೆಯ ಇಲಿಗಳಲ್ಲಿ ಅಷ್ಟು ಕಾಲ ಅಡಗಿರುವುದು ಕಷ್ಟ. ಅವುಗಳಿಗೆ ಪ್ಲೇಗ್ ತಗುಲಿದರೆ ಸೂರಿನಿಂದ ಉದುರಿ ಸಾಯುತ್ತವೆ. ಮನೆಯಲ್ಲಿ ಇಲಿ ಬಿದ್ದಿತು ಅಂದರೆ ಸಾಕು, ನಮ್ಮ ಮುತ್ತಜ್ಜಂದಿರು ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದದ್ದು ಅದಕ್ಕೇ. ಪ್ಲೇಗ್ ದೀರ್ಘಕಾಲ ಉಳಿಯಬೇಕಾದರೆ ಅದನ್ನು ಮೈಯಲ್ಲಿಟ್ಟುಕೊಂಡೂ ಬದುಕಬಲ್ಲ ಪ್ರಾಣಿ ಬೇಕು. ಅಂಥವು ಹೊಲ, ಬೀಳು, ಕುರುಚಲು ಕಾಡಿನ ಬಿಲಗಳಲ್ಲಿ ಸಿಗುತ್ತವೆ. ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಸೇರುವ ಆ ಮೂಲೆಯನ್ನು ಇವತ್ತಿಗೂ ಪ್ಲೇಗ್ ಒಳಗೊಳಗೇ ಉಳಿದಿರಬಹುದಾದ ಜಾಗ ಎಂದೇ ಗುರುತಿಸಲಾಗಿದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಒಂದು ಪ್ಲೇಗ್ ಕಣ್ಗಾವಲು ಘಟಕವೇ ಇದೆ. ಬೋನು ಇಡುವುದು, ಇಲಿ ಹಿಡಿಯುವುದು, ರಕ್ತ ಪರೀಕ್ಷಿಸುವುದು ಅವರ ಕೆಲಸ. ಇಂಥ ಹುಡುಕಾಟದಲ್ಲಿ ಅನುಮಾನದ ಪಟ್ಟಿಯ ಮೇಲ್ಭಾಗದಲ್ಲೇ ಇರುವ ಪ್ರಾಣಿ ಗೆರ್ಬಿಲ್.

ಹಳ್ಳಿ ರಸ್ತೆಯಲ್ಲಿ ರಾತ್ರಿ ಬೈಕ್ ಓಡಿಸಿದವರು ಇದನ್ನು ನೋಡಿಯೇ ಇರುತ್ತಾರೆ. ದೀಪದ ಬೆಳಕಿಗೆ ಅಡ್ಡ ಬಂದು ಕುಪ್ಪಳಿಸಿ ಹೋಗುವ ತಿಳಿ ಕಂದು ಬಣ್ಣದ ಇಲಿ. ದೊಡ್ಡ ಕಪ್ಪು ಕಣ್ಣು, ಬೆಳ್ಳನೆಯ ಹೊಟ್ಟೆ, ಮೈಗಿಂತ ಉದ್ದದ ಬಾಲ, ಬಾಲದ ತುದಿಯಲ್ಲಿ ಕಪ್ಪು ಕುಚ್ಚು. ವಿಜ್ಞಾನದಲ್ಲಿ ಇದರ ಹೆಸರು ಟಟೇರಾ ಇಂಡಿಕಾ. ಭಾರತದಲ್ಲಿ ಇನ್ನೂ ಮೂರು ಗೆರ್ಬಿಲ್‌ಗಳಿವೆ, ಮೂರೂ ವಾಯವ್ಯದ ಒಣ ನಾಡಿನವು. ಥಾರ್ ಮರುಭೂಮಿಯ ಮೆರಿಯೋನೆಸ್ ಹುರಿಯಾನೆ ಮತ್ತು ಗೆರ್ಬಿಲಸ್ ಕುಲದ ಎರಡು ಚಿಕ್ಕ ಇಲಿಗಳು. ಕುಲ ಅಂದರೆ ಹತ್ತಿರದ ನೆಂಟಸ್ತನದ ಪ್ರಭೇದಗಳ ಗುಂಪು. ಆಫ್ರಿಕಾ, ಅರೇಬಿಯಾ, ಮಧ್ಯ ಏಷ್ಯಾ, ಮಂಗೋಲಿಯಾ ಎಲ್ಲ ಸೇರಿಸಿದರೆ ಗೆರ್ಬಿಲ್ ಬಳಗದಲ್ಲಿ ನೂರಕ್ಕೂ ಜಾಸ್ತಿ ಪ್ರಭೇದಗಳಿವೆ.

ನಿಖರವಾಗಿ ಎಷ್ಟು ಅಂತ ಕೇಳಿದರೆ ಉತ್ತರ ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ಬದಲಾಗುತ್ತದೆ. ಇದೇನು ಹೆಸರು ಹಚ್ಚುವವರ ಒಣ ಜಗಳ ಅನ್ನಿಸಬಹುದು. ಹಾಗಲ್ಲ ಅನ್ನುವುದಕ್ಕೆ ಇರಾನ್‌ನ ಒಂದು ಪ್ರಸಂಗ ಸಾಕು.

ಟೆಹ್ರಾನಿನ ಪಾಶ್ಚರ್ ಸಂಸ್ಥೆಯ ಮಾರ್ಸೆಲ್ ಬಾಲ್ಟಜಾರ್ ಮತ್ತು ಅವರ ತಂಡ 1940ರ ದಶಕದ ಕೊನೆಯಿಂದ ಇರಾನ್‌ನ ಕುರ್ದಿಸ್ತಾನದಲ್ಲಿ ಪ್ಲೇಗ್‌ನ ಬೆನ್ನು ಹತ್ತಿತು. ಅಲ್ಲಿನ ಹಳ್ಳಿಗಳಲ್ಲಿ ಪ್ಲೇಗ್ ಬಂದು ಹೋಗುತ್ತಿತ್ತು. ಹೊಲಗಳಲ್ಲಿ ಮೆರಿಯೋನೆಸ್ ಎಂಬ ಒಂದೇ ಕುಲಕ್ಕೆ ಸೇರಿದ ನಾಲ್ಕು ಬಗೆಯ ಗೆರ್ಬಿಲ್‌ಗಳಿದ್ದವು. ಪಳಗದ ಕಣ್ಣಿಗೆ ನಾಲ್ಕೂ ಹೆಚ್ಚುಕಡಿಮೆ ಒಂದೇ. ಪರೀಕ್ಷೆ ಮಾಡಿದಾಗ ಎರಡು ಪ್ರಭೇದ, ಅಂದರೆ ಪರ್ಸಿಕಸ್ ಮತ್ತು ಲಿಬಿಕಸ್, ಪ್ಲೇಗ್ ತಗುಲಿದರೂ ತಡೆದುಕೊಳ್ಳುತ್ತಿದ್ದವು. ಉಳಿದೆರಡು, ಟ್ರಿಸ್ಟ್ರಾಮಿ ಮತ್ತು ವಿನೊಗ್ರಾಡೊವಿ, ಪಟಪಟನೆ ಸಾಯುತ್ತಿದ್ದವು. ಬಾಲ್ಟಜಾರ್ ಇದನ್ನೇ ಹಿಡಿದು ರೋಗದ ಲೆಕ್ಕ ಬಿಡಿಸಿದರು. ತಡೆದುಕೊಳ್ಳುವ ಇಲಿಗಳು ಬ್ಯಾಕ್ಟೀರಿಯಾವನ್ನು ವರ್ಷಗಟ್ಟಲೆ ಉಳಿಸುತ್ತವೆ. ಸಾಯುವ ಇಲಿಗಳು ಅದನ್ನು ಸ್ಫೋಟಿಸುತ್ತವೆ. ಯಾಕೆಂದರೆ ಸತ್ತ ಇಲಿಯ ಮೈ ಬಿಟ್ಟ, ರೋಗ ಹೊತ್ತ ಚಿಗಟಗಳು ಬೇರೆ ಮೈ ಹುಡುಕಿಕೊಂಡು ಹೋಗುತ್ತವೆ. ಎರಡೂ ಬಗೆ ಅಕ್ಕಪಕ್ಕ ಇದ್ದ ಕಡೆ ಪ್ಲೇಗ್ ಬೇರು ಬಿಡುತ್ತದೆ.

ನಾಲ್ಕನ್ನೂ ಸೇರಿಸಿ ಸುಮ್ನೆ "ಗೆರ್ಬಿಲ್" ಅಂತ ಬರೆದುಕೊಂಡಿದ್ದರೆ ಈ ಲೆಕ್ಕ ಬಿಡಿಸಲು ಆಗುತ್ತಲೇ ಇರಲಿಲ್ಲ. ಅದೇ ಬಾಲ್ಟಜಾರ್ ಆಮೇಲೆ ಸಹೋದ್ಯೋಗಿ ಬಹಮನ್ಯಾರ್ ಜೊತೆ ಉತ್ತರ ಪ್ರದೇಶಕ್ಕೂ ಬಂದರು. ಇಲ್ಲಿನ ಹೊಲಗಳಲ್ಲಿ ಪ್ಲೇಗ್ ಉಳಿಸಿಕೊಳ್ಳುವ ಪಾತ್ರ ಟಟೇರಾದ್ದು ಎಂದು 1960ರಲ್ಲಿ ಪ್ರಕಟಿಸಿದರು. ಕೋಲಾರದ ಹೊಲಗಳಲ್ಲಿ ಬೋನು ಇಡುವ ಕೆಲಸದ ಬೇರು ಆ ಕಾಲದ ಈ ವಿಚಾರದಲ್ಲೇ ಇದೆ.

ಪ್ರಭೇದ ಗುರುತಿಸುವುದು ಇಷ್ಟು ಮುಖ್ಯವಾದರೆ, ಗುರುತಿಸುವುದು ಹೇಗೆ? ನೂರೈವತ್ತು ವರ್ಷ ವಿಜ್ಞಾನಿಗಳು ನಂಬಿದ್ದು ಚರ್ಮ, ತಲೆಬುರುಡೆ, ಹಲ್ಲು ಮತ್ತು ಅಂಗಾಲನ್ನು. ಅಂಗಾಲಿನಲ್ಲಿ ಕೂದಲಿದ್ದರೆ ಒಂದು ಗುಂಪು, ಬೋಳಾಗಿದ್ದರೆ ಇನ್ನೊಂದು. ಕಿವಿಯ ಹಿಂದಿನ ಮೂಳೆಯ ಗುಳ್ಳೆ ಎಷ್ಟು ಉಬ್ಬಿದೆ ಎಂಬುದು ಮತ್ತೊಂದು ಅಳತೆ. ಸಮಸ್ಯೆ ಏನೆಂದರೆ ಇವೆಲ್ಲ ಮರುಭೂಮಿ ತಿದ್ದಿದ ಅಂಗಗಳು. ಸಡಿಲ ಮರಳಿನಲ್ಲಿ ಓಡಾಡುವ ಪ್ರಾಣಿಗೆ ಅಂಗಾಲಿನ ಕೂದಲು ಅನುಕೂಲ. ಗೂಬೆಯ ರೆಕ್ಕೆ, ಹಾವಿನ ಸರಸರ ಇಂಥ ತಗ್ಗು ದನಿ ಕೇಳಿಸಿಕೊಳ್ಳಲು ಕಿವಿಯ ಗುಳ್ಳೆ ದೊಡ್ಡದಿದ್ದರೆ ಒಳ್ಳೆಯದು. ಸಂಬಂಧವೇ ಇಲ್ಲದ ಎರಡು ಇಲಿಗಳು ಒಂದೇ ಬಗೆಯ ಮರಳಿನಲ್ಲಿ ಬದುಕಿದರೆ ಒಂದೇ ಥರ ಕಾಣತೊಡಗುತ್ತವೆ. ಅಮೆರಿಕದ ಕಾಂಗರೂ ಇಲಿಗೂ ಗೆರ್ಬಿಲ್‌ಗೂ ರಕ್ತಸಂಬಂಧ ಬಹಳ ದೂರದ್ದು. ಆದರೂ ಕುಪ್ಪಳಿಸುವುದು, ಕುಚ್ಚಿನ ಬಾಲ, ಉಬ್ಬಿದ ಕಿವಿಮೂಳೆ ಎಲ್ಲ ಅವುಗಳಲ್ಲೂ ಇವೆ.

ಹಾಗಾಗಿ ಇಡೀ ಬಳಗವನ್ನು ಎಲ್ಲಿ ಕೂರಿಸಬೇಕು ಎಂಬುದೇ ಬಹಳ ಕಾಲ ತೀರ್ಮಾನವಾಗಲಿಲ್ಲ. ಕೆಲವರು ಹ್ಯಾಮ್‌ಸ್ಟರ್‌ಗಳ ಜೊತೆ ಸೇರಿಸಿದರು. ಕೆಲವರು ಪ್ರತ್ಯೇಕ ಕುಟುಂಬ ಮಾಡಿದರು. ಡಿಎನ್‌ಎ ನೋಡಲು ಶುರುವಾದ ಮೇಲೆ ಚಿತ್ರ ತಿಳಿಯಾಯಿತು. ಇವು ನಮ್ಮ ಮನೆಯ ಇಲಿ, ಸುಂಡಿಲಿಗಳಿರುವ ಮ್ಯೂರಿಡೆ ಕುಟುಂಬದ್ದೇ ಒಂದು ಕವಲು. ಅದರಲ್ಲೂ ಯಾರೂ ಅಂದುಕೊಂಡಿರದ ಒಂದು ನಂಟು 1993ರಲ್ಲಿ ಹೊರಬಿತ್ತು. ಪಾಸ್ಕಲ್ ಶೆವ್ರೆ ಮತ್ತು ಜೊತೆಗಾರರು ಅಕೋಮಿಸ್ ಎಂಬ ಮುಳ್ಳುಗೂದಲಿನ ಚಿಕ್ಕ ಇಲಿಯ ಡಿಎನ್‌ಎ ಹೋಲಿಸಿದರು. ನೋಡಲು ಅದು ಥೇಟ್ ಸುಂಡಿಲಿಯ ಹಾಗೆ. ಹಲ್ಲೂ ಹಾಗೇ. ಆದರೆ ಅದರ ಹತ್ತಿರದ ನೆಂಟ ಗೆರ್ಬಿಲ್ ಎಂದು ಡಿಎನ್‌ಎ ಹೇಳಿತು. ಹಲ್ಲನ್ನೇ ನೆಚ್ಚಿಕೊಂಡಿದ್ದ ವರ್ಗೀಕರಣಕ್ಕೆ ಅದು ದೊಡ್ಡ ಪೆಟ್ಟು.

ಡಿಎನ್‌ಎ ಓದುವುದಕ್ಕಿಂತ ಮುಂಚೆಯೇ ಗೆರ್ಬಿಲ್‌ಗಳ ಒಳಗಿನ ಭೇದ ತೋರಿಸಿಕೊಟ್ಟದ್ದು ವರ್ಣತಂತುಗಳು, ಅಂದರೆ ಜೀವಕೋಶದೊಳಗೆ ಡಿಎನ್‌ಎ ಸುತ್ತಿಟ್ಟಿರುವ ಎಳೆಗಳು. ನನ್ನ ಮಟ್ಟಿಗೆ ಈ ಇಡೀ ಕಥೆಯ ಅತ್ಯಂತ ಸೋಜಿಗದ ಭಾಗ ಇದೇ. ಪಶ್ಚಿಮ ಆಫ್ರಿಕಾದ ಸಾಹೇಲ್ ಅಂದರೆ ಸಹಾರಾದ ಕೆಳಗಿನ ಒಣ ಹುಲ್ಲುಗಾವಲು. ಅಲ್ಲಿ ಟಟೆರಿಲಸ್ ಎಂಬ ಗೆರ್ಬಿಲ್‌ಗಳಿವೆ. ಕೈಯಲ್ಲಿ ಹಿಡಿದು ಎಷ್ಟು ತಿರುಗಿಸಿ ನೋಡಿದರೂ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಆದರೆ ಹೆಣ್ಣುಗಳ ಜೀವಕೋಶದಲ್ಲಿ ವರ್ಣತಂತು ಎಣಿಸಿದರೆ ಗ್ರಾಸಿಲಿಸ್‌ಗೆ 36, ಅರೆನೇರಿಯಸ್‌ಗೆ 30, ಪಿಗಾರ್ಗಸ್‌ಗೆ 22, ಪೆಟೆರಿಗೆ 18. 2003ರಲ್ಲಿ ಹೆಸರು ಪಡೆದ ಟ್ರಾನಿಯೆರಿಗೆ ಬರೀ 14. ಒಂದೇ ಪುಸ್ತಕವನ್ನು ಒಬ್ಬರು 36 ಸಂಪುಟ ಮಾಡಿ, ಇನ್ನೊಬ್ಬರು 14 ದಪ್ಪ ಸಂಪುಟ ಮಾಡಿ ಹೊಲಿಗೆ ಹಾಕಿದ ಹಾಗೆ. ಒಳಗಿನ ಪಾಠ ಹೆಚ್ಚುಕಡಿಮೆ ಅದೇ. ಆದರೆ ಎರಡು ಬಗೆಯ ಇಲಿ ಕೂಡಿದರೆ ಹುಟ್ಟುವ ಮರಿಯಲ್ಲಿ ಸಂಪುಟಗಳು ಜೋಡಿಯಾಗುವುದಿಲ್ಲ. ಜೋಡಿಯಾಗದಿದ್ದರೆ ಆ ಮರಿಯಿಂದ ಮುಂದೆ ಸಂತಾನ ಕಷ್ಟ. ಹೊರಗೆ ಕಾಣದಿದ್ದರೂ ಅವುಗಳ ನಡುವೆ ಗೋಡೆ ಎದ್ದಾಗಿದೆ.

"ಹೆಣ್ಣುಗಳ" ಅಂತ ಒತ್ತಿ ಹೇಳಿದ್ದಕ್ಕೆ ಕಾರಣ ಇದೆ. ಟಟೆರಿಲಸ್‌ನಲ್ಲಿ ಗಂಡಿಗೆ ಹೆಣ್ಣಿಗಿಂತ ಒಂದು ವರ್ಣತಂತು ಜಾಸ್ತಿ. ಗ್ರಾಸಿಲಿಸ್ ಗಂಡಿಗೆ 37, ಟ್ರಾನಿಯೆರಿ ಗಂಡಿಗೆ 15. ಸಹಾರಾದ ಗೆರ್ಬಿಲಸ್ ಗೆರ್ಬಿಲಸ್‌ನಲ್ಲೂ ಹೀಗೇ: ಹೆಣ್ಣು 42, ಗಂಡು 43. ಹಿಂದೆ ಯಾವಾಗಲೋ ಲಿಂಗ ನಿರ್ಧರಿಸುವ ಎಕ್ಸ್ ವರ್ಣತಂತುವಿಗೆ ಮಾಮೂಲಿ ವರ್ಣತಂತುವೊಂದು ಅಂಟಿಕೊಂಡಿತು. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಎರಡೂ ಕಡೆ ಜೋಡಿ ಸರಿಹೋಯಿತು. ಗಂಡಿಗಿರುವುದು ಒಂದೇ ಎಕ್ಸ್. ಅಲ್ಲಿ ಜೋಡಿ ಇಲ್ಲದೆ ಒಂಟಿಯಾಗಿ ಉಳಿದ ವರ್ಣತಂತು ಎರಡನೇ ವೈ ಥರ ತಂದೆಯಿಂದ ಮಗನಿಗೆ ಹೋಗತೊಡಗಿತು. ಬೇರೆ ಎಷ್ಟೋ ಸಸ್ತನಿಗಳಲ್ಲಿ ಇಂಥ ಅಂಟಾಟ ಬಂಜೆತನಕ್ಕೆ ದಾರಿ ಮಾಡುತ್ತದೆ. ಗೆರ್ಬಿಲ್‌ಗಳು ಅದನ್ನು ಅರಗಿಸಿಕೊಂಡು ಆರಾಮಾಗಿವೆ.

ವರ್ಣತಂತುಗಳ ಸಂಖ್ಯೆಯನ್ನೂ ದಾಟಿ ಒಳಗಿಳಿದರೆ ಇನ್ನೂ ವಿಚಿತ್ರಗಳಿವೆ. ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದಲ್ಲಿ ಸಮ್ಮೋಮಿಸ್ ಒಬೇಸಸ್ ಎಂಬ ದಪ್ಪ ಗೆರ್ಬಿಲ್ ಇದೆ. ಚವುಳು ನೆಲದ ಉಪ್ಪುಪ್ಪು ಎಲೆ ತಿಂದು ಬದುಕುತ್ತದೆ. ಆ ಎಲೆಯಲ್ಲಿ ಕಸುವು ಕಡಿಮೆ, ನೀರು ಜಾಸ್ತಿ. 1960ರ ದಶಕದಲ್ಲಿ ಪ್ರಯೋಗಾಲಯಕ್ಕೆ ತಂದು ಬೇರೆ ಇಲಿಗಳಿಗೆ ಹಾಕುವ ಮಾಮೂಲಿ ಕಾಳಿನ ಉಂಡೆ ಹಾಕಿದರು. ಕೆಲವೇ ದಿನದಲ್ಲಿ ಊದಿಕೊಂಡು ಸಕ್ಕರೆ ಕಾಯಿಲೆ ಬಂತು. ಅಂದಿನಿಂದ ಅದು ಟೈಪ್ 2 ಮಧುಮೇಹದ ಅಧ್ಯಯನಕ್ಕೆ ಒದಗುವ ಪ್ರಾಣಿ.

ಕಾಯಿಲೆಯ ಗುಟ್ಟು ಜೀನ್‌ಗಳಲ್ಲಿ ಇರಬಹುದೆಂದು ಆಕ್ಸ್‌ಫರ್ಡ್‌ನ ಪೀಟರ್ ಹಾಲೆಂಡ್ ಮತ್ತು ಜೊತೆಗಾರರು ಅದರ ಜೀನೋಮ್, ಅಂದರೆ ಇಡೀ ಡಿಎನ್‌ಎಯನ್ನು, ಓದಿಸಿದರು. 2017ರಲ್ಲಿ ಬಂದ ಫಲಿತಾಂಶದಲ್ಲಿ ಒಂದು ದೊಡ್ಡ ತೂತಿತ್ತು. ಪಿಡಿಎಕ್ಸ್1 ಎಂಬ ಜೀನ್ ಕಾಣಲಿಲ್ಲ. ಮೇದೋಜೀರಕ ಗ್ರಂಥಿ ರೂಪುಗೊಳ್ಳಲು, ಇನ್ಸುಲಿನ್ ತಯಾರಾಗಲು ಬೇಕೇಬೇಕಾದ ಜೀನ್ ಅದು. ಸುಂಡಿಲಿಯಲ್ಲಿ ಅದನ್ನು ಪೂರ್ತಿ ತೆಗೆದರೆ ಆ ಗ್ರಂಥಿಯೇ ಬೆಳೆಯುವುದಿಲ್ಲ. ಈ ಗೆರ್ಬಿಲ್‌ಗೆ ಗ್ರಂಥಿ ಇದೆ, ಆದರೆ ಜೀನ್ ಕಾಣುತ್ತಿಲ್ಲ. ಅದೊಂದೇ ಅಲ್ಲ, ಅದರ ಅಕ್ಕಪಕ್ಕದ್ದೂ ಸೇರಿ 88 ಜೀನ್‌ಗಳು ನಾಪತ್ತೆ! ಅಂಗಾಂಶದಲ್ಲಿ ಹುಡುಕಿದಾಗ ಮಾತ್ರ ಆ ಜೀನ್‌ಗಳು ಕೆಲಸ ಮಾಡುತ್ತಿರುವ ಕುರುಹು ಸಿಕ್ಕಿತು. ಅಂದರೆ ಅವು ಇದ್ದವು, ಯಂತ್ರದ ಕಣ್ಣಿಗೆ ಬಿದ್ದಿರಲಿಲ್ಲ.

ಕಾರಣ ಇದು. ಡಿಎನ್‌ಎಯಲ್ಲಿ ನಾಲ್ಕು ಅಕ್ಷರ: ಎ, ಟಿ, ಜಿ, ಸಿ. ಗೆರ್ಬಿಲ್‌ನ ಆ ಭಾಗದಲ್ಲಿ ಜಿ ಮತ್ತು ಸಿ ವಿಪರೀತ ತುಂಬಿಕೊಂಡಿವೆ. ಅಂಥ ಜಾಗವನ್ನು ಆಗಿನ ಯಂತ್ರಗಳು ಸರಿಯಾಗಿ ಓದುತ್ತಿರಲಿಲ್ಲ. ಮೊಟ್ಟೆ, ವೀರ್ಯ ತಯಾರಾಗುವಾಗ ಜೋಡಿ ವರ್ಣತಂತುಗಳು ತುಣುಕು ಅದಲುಬದಲು ಮಾಡಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ನಡೆಯುವ ರಿಪೇರಿ ಜಿ, ಸಿ ಅಕ್ಷರಗಳ ಕಡೆಗೆ ಸ್ವಲ್ಪ ವಾಲುತ್ತದೆ. ಅದಲುಬದಲು ಒಂದೇ ಜಾಗದಲ್ಲಿ ಮತ್ತೆ ಮತ್ತೆ ನಡೆದರೆ ಅಲ್ಲಿ ಆ ಅಕ್ಷರಗಳು ಗುಡ್ಡೆ ಬೀಳುತ್ತವೆ. ಇಲ್ಲಿ ಎಷ್ಟು ಬಿದ್ದಿವೆ ಅಂದರೆ, ಪ್ರಾಣಿಗಳಲ್ಲಿ ಅಷ್ಟಾಗಿ ಬದಲಾಗದ ಪಿಡಿಎಕ್ಸ್1ರ ಮುಖ್ಯ ಭಾಗವೇ ಗೆರ್ಬಿಲ್‌ನಲ್ಲಿ ಬದಲಾಗಿಬಿಟ್ಟಿದೆ. ಒಳ್ಳೆಯದಕ್ಕೆ ಆದ ಬದಲಾವಣೆ ಅಂತ ಇದನ್ನು ಹೇಳುವುದು ಕಷ್ಟ. ಪ್ರಕೃತಿ ಆರಿಸಿ ತೆಗೆದದ್ದಷ್ಟೇ ಉಳಿಯುತ್ತದೆ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ಯೋಚಿಸಬೇಕಾದ ವಿಷಯ. 2020ರಲ್ಲಿ ಬೇರೆ ಗೆರ್ಬಿಲ್‌ಗಳ ಜೀನೋಮ್‌ನಲ್ಲೂ ಇಂಥ ಗುಡ್ಡೆಗಳು ಕಂಡವು. 2023ರಲ್ಲಿ ಥಾಮಸ್ ಬ್ರೆಕಿ, ಜಾನ್ ಮಲ್ಲಿ ಮತ್ತಿತರರು ಮಂಗೋಲಿಯನ್ ಗೆರ್ಬಿಲ್‌ನ 22 ಜೋಡಿ ವರ್ಣತಂತುಗಳನ್ನು ಪೂರ್ತಿ ಜೋಡಿಸಿ ನೋಡಿದರು. ಅದರ 13ನೇ ವರ್ಣತಂತು ಇಡಿಯಾಗಿ, ಜೀನ್‌ಗಳು ಅಷ್ಟಾಗಿ ಕೆಲಸ ಮಾಡದ ಗಟ್ಟಿ ಡಿಎನ್‌ಎಯದ್ದು. ಹೊಸದಾಗಿ ಹುಟ್ಟಿದ ವರ್ಣತಂತು ಇದು ಎಂಬುದು ಅವರ ವಾದ.

ಮಂಗೋಲಿಯನ್ ಗೆರ್ಬಿಲ್ ಎಂದರೆ ಪಾಶ್ಚಾತ್ಯ ದೇಶಗಳಲ್ಲಿ ಮಕ್ಕಳು ಪಂಜರದಲ್ಲಿ ಸಾಕುವ ಅದೇ ಪ್ರಾಣಿ. ಪ್ರಯೋಗಾಲಯಗಳಲ್ಲೂ ಇದೇ. ಗೆರ್ಬಿಲ್ ಬಗ್ಗೆ ಜಗತ್ತಿಗೆ ಗೊತ್ತಿರುವ ಬಹುಪಾಲು ಸಂಗತಿ ಇದೊಂದರಿಂದ ಬಂದದ್ದು. ಕಿವಿಯ ಅಧ್ಯಯನಕ್ಕೆ ಇದು ಹೇಳಿ ಮಾಡಿಸಿದ್ದು, ಯಾಕೆಂದರೆ ಸುಂಡಿಲಿಗೆ ಕೇಳಿಸದ ತಗ್ಗು ದನಿಯೂ ಇದಕ್ಕೆ ಮನುಷ್ಯರಿಗೆ ಕೇಳಿಸುವ ಹಾಗೆ ಕೇಳುತ್ತದೆ. ಹೊಟ್ಟೆಯ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾದಿಂದ ಕ್ಯಾನ್ಸರ್ ಬರಬಲ್ಲದು ಎಂಬುದನ್ನು ಜಪಾನಿನವರು 1998ರಲ್ಲಿ ತೋರಿಸಿದ್ದು ಇದರಲ್ಲೇ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮರ್ಟಿಸ್ ಕ್ಲಾರ್ಕ್ ಮತ್ತು ಬೆನೆಟ್ ಗಾಲೆಫ್ ಇನ್ನೊಂದು ಚೆಂದದ ಸಂಗತಿ ಕಂಡುಕೊಂಡರು. ಗರ್ಭದಲ್ಲಿ ಎರಡು ಗಂಡು ಮರಿಗಳ ನಡುವೆ ಸಿಕ್ಕಿಕೊಂಡ ಹೆಣ್ಣು ಮರಿಗೆ ಪಕ್ಕದವರ ಗಂಡು ಹಾರ್ಮೋನ್ ಸೋಕುತ್ತದೆ. ಅದು ದೊಡ್ಡದಾಗಿ ಮರಿ ಹಾಕಿದಾಗ ಗಂಡು ಮರಿಗಳೇ ಜಾಸ್ತಿ. ಹೀಗಾಗಿ ಅದರ ಹೆಣ್ಣು ಮಕ್ಕಳೂ ಗಂಡುಗಳ ನಡುವೆ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. ಜೀನ್ ಬದಲಾಗದೆಯೇ ಒಂದು ಗುಣ ತಾಯಿಂದ ಮಗಳಿಗೆ ದಾಟುವ ದಾರಿ ಇದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಕರಾರು ಎತ್ತಲೇಬೇಕು. ಪ್ರಯೋಗಾಲಯದ ಈ ಗೆರ್ಬಿಲ್‌ಗಳು ಎಲ್ಲಿಂದ ಬಂದವು? 1935ರಲ್ಲಿ ಅಮೂರ್ ನದಿಯ ಸೀಮೆಯಲ್ಲಿ 20 ಜೋಡಿ ಹಿಡಿದು ಜಪಾನಿಗೆ ಒಯ್ದರು. ಅವುಗಳ ಸಂತತಿಯಲ್ಲಿ 11 ಜೋಡಿ 1954ರಲ್ಲಿ ನ್ಯೂಯಾರ್ಕ್ ರಾಜ್ಯದ ವಿಕ್ಟರ್ ಶ್ವೆಂಟ್ಕರ್ ಅವರಿಗೆ ಹೋದವು. ಅಲ್ಲಿ ಮರಿ ಹಾಕಿ ವಂಶ ಬೆಳೆಸಿದ್ದು 4 ಹೆಣ್ಣು, 5 ಗಂಡು. ಅಮೆರಿಕ, ಯುರೋಪುಗಳ ಪ್ರಯೋಗಾಲಯ ತುಂಬಿದ್ದು ಈ ಒಂಬತ್ತರ ಮೊಮ್ಮಕ್ಕಳು. ಕಾಡಿನಿಂದ ಹೊಸದಾಗಿ ಹಿಡಿದು ತಂದವುಗಳ ಜೊತೆ ಹೋಲಿಸಿದಾಗ ಸಾಕಿದ ಗೆರ್ಬಿಲ್‌ನ ಮಿದುಳು ಚಿಕ್ಕದಾಗಿರುವುದು ಕಂಡಿದೆ. ಕುರಿ, ಹಂದಿಯಂಥ ಸಾಕುಪ್ರಾಣಿಗಳಲ್ಲಿ ಆದದ್ದೇ ಇಲ್ಲೂ ಆಗಿದೆ. ಮಿದುಳಿಗೆ ರಕ್ತ ಒಯ್ಯುವ ನಾಳಗಳ ಬಳೆ ಗೆರ್ಬಿಲ್‌ನಲ್ಲಿ ಪೂರ್ತಿ ಇರುವುದಿಲ್ಲ ಎಂದು 1966ರಿಂದ ಪಾರ್ಶ್ವವಾಯು ಸಂಶೋಧನೆಗೆ ಇದನ್ನು ಬಳಸಿದರು. ಆಮೇಲೆ ನೋಡಿದರೆ ಎಲ್ಲ ಗೆರ್ಬಿಲ್‌ಗಳಲ್ಲೂ ಅದು ಒಂದೇ ಥರ ಇಲ್ಲ. ಒಂಬತ್ತು ಪ್ರಾಣಿಗಳ ಸಂತತಿಯನ್ನು ನೋಡಿ "ಗೆರ್ಬಿಲ್ ಹೀಗೆ" ಎಂದು ನೂರು ಪ್ರಭೇದಗಳ ಪರವಾಗಿ ಹೇಳುವುದು ಅತಿಯಾಯಿತು ಅಲ್ವಾ?

ಇಂಥದ್ದೇ ಅತಿ ಸುದ್ದಿಮನೆಗಳಲ್ಲೂ ಆಯಿತು. 2015ರಲ್ಲಿ ನಾರ್ವೆಯ ನಿಲ್ಸ್ ಸ್ಟೆನ್ಸೆತ್ ಅವರ ತಂಡದ ಒಂದು ಅಧ್ಯಯನ ಬಂತು. ಯುರೋಪಿನ ಹಳೆಯ ಪ್ಲೇಗ್ ದಾಖಲೆಗಳನ್ನು ಮರಗಳ ಬೆಳವಣಿಗೆಯ ಉಂಗುರದಲ್ಲಿ ಕಾಣುವ ಹವಾಮಾನದ ಜೊತೆ ಹೋಲಿಸಿದ್ದರು. ಮಧ್ಯ ಏಷ್ಯಾದಲ್ಲಿ ಹವೆ ಏರುಪೇರಾದ ಸುಮಾರು 15 ವರ್ಷಕ್ಕೆ ಯುರೋಪಿನ ಬಂದರುಗಳಿಗೆ ಪ್ಲೇಗ್ ಬರುತ್ತಿತ್ತು ಎಂಬುದು ಅದರ ಸಾರ. ಪತ್ರಿಕೆಗಳು ಬರೆದದ್ದು ಮಾತ್ರ "ಇಲಿ ನಿರ್ದೋಷಿ, ಗೆರ್ಬಿಲ್ ತಪ್ಪಿತಸ್ಥ" ಎಂದು. ಆ ಅಧ್ಯಯನದಲ್ಲಿ ಗೆರ್ಬಿಲ್‌ನ ಒಂದು ಎಲುಬನ್ನೂ ಪರೀಕ್ಷಿಸಿರಲಿಲ್ಲ. ಕಜಕಸ್ತಾನದ ದೊಡ್ಡ ಗೆರ್ಬಿಲ್‌ನಲ್ಲಿ ಪ್ಲೇಗ್ ಹೇಗೆ ಏರಿಳಿಯುತ್ತದೆ ಎಂಬುದು ಮೊದಲೇ ಚೆನ್ನಾಗಿ ಗೊತ್ತಿತ್ತು. ಆ ನೆರಳು ಇಲ್ಲಿಗೂ ಬಿತ್ತು ಅಷ್ಟೇ. 2022ರಲ್ಲಿ ಕಿರ್ಗಿಸ್ತಾನದ ಇಸಿಕ್ ಕುಲ್ ಸರೋವರದ ಬಳಿಯ 1338–39ರ ಗೋರಿಗಳಿಂದ ಪ್ಲೇಗ್‌ನ ಡಿಎನ್‌ಎ ಸಿಕ್ಕಾಗ ಬೆರಳು ಆ ಬೆಟ್ಟಗಳ ಮಾರ್ಮೊಟ್ ಎಂಬ ದೊಡ್ಡ ಅಳಿಲಿನ ಕಡೆ ತಿರುಗಿತು.

ಕಜಕಸ್ತಾನದ ಕೆಲಸ ಗಟ್ಟಿಯಾದದ್ದು. ಸೋವಿಯತ್ ಕಾಲದಲ್ಲಿ 1949ರಿಂದ ದಶಕಗಟ್ಟಲೆ ಅಲ್ಲಿನ ದೊಡ್ಡ ಗೆರ್ಬಿಲ್‌ಗಳ ಬಿಲ ಎಣಿಸಿ, ರಕ್ತ ತೆಗೆದು ಲೆಕ್ಕ ಇಟ್ಟರು. ಆ ಲೆಕ್ಕದಿಂದ 2004ರಲ್ಲಿ ಗೊತ್ತಾದದ್ದು: ಇಲಿಗಳು ವಾಸವಿರುವ ಬಿಲಗಳ ಪ್ರಮಾಣ ಒಂದು ಮಿತಿ ದಾಟಿದ ಮೇಲಷ್ಟೇ ಪ್ಲೇಗ್ ಹಬ್ಬುತ್ತದೆ, ಅದೂ ಸ್ವಲ್ಪ ತಡವಾಗಿ. ಹಾಗಾಗಿ ಮೊದಲೇ ಎಚ್ಚರಿಸಬಹುದು. ವಸಂತದ ಉಷ್ಣಾಂಶ 1 ಡಿಗ್ರಿ ಏರಿದರೆ ಗೆರ್ಬಿಲ್‌ಗಳಲ್ಲಿ ಪ್ಲೇಗ್ ಶೇ 50ಕ್ಕೂ ಜಾಸ್ತಿ ಏರುತ್ತದೆ ಎಂದು 2006ರಲ್ಲಿ ತೋರಿಸಿದರು. ಇದೆಲ್ಲ ಸಾಧ್ಯವಾದದ್ದು ಅಲ್ಲಿ ಯಾವ ಇಲಿ ಎಂಬ ಗೊಂದಲ ಇಲ್ಲದ್ದರಿಂದ. ದೊಡ್ಡ ಗೆರ್ಬಿಲ್ ಅದರ ಕುಲದಲ್ಲಿ ಒಂದೇ ಒಂದು. ಅದರ ಬಿಲದ ಕುರುಹು ಉಪಗ್ರಹದ ಚಿತ್ರದಲ್ಲೂ ಕಾಣುತ್ತದೆ.

ನಮ್ಮ ಟಟೇರಾ ಕೂಡ ಇವತ್ತಿನ ಪಟ್ಟಿಯಲ್ಲಿ ಅದರ ಕುಲದಲ್ಲಿ ಒಂದೇ ಒಂದು. ಆದರೆ ಅದು ಹಾಗೆ ಒಂಟಿಯಾದ ಕಥೆ ಬೇರೆ. ಬಂಗಾಳ ಸೇನೆಯ ಥಾಮಸ್ ಹಾರ್ಡ್‌ವಿಕ್ 1807ರಲ್ಲಿ ಇದಕ್ಕೆ ಮೊದಲ ಹೆಸರಿಟ್ಟರು. ಕುಪ್ಪಳಿಸುವುದು ನೋಡಿ ಜರ್ಬೋವಾ ಎಂಬ ಜಿಗಿಯುವ ಮರುಭೂಮಿ ಇಲಿಗಳ ಕುಲಕ್ಕೆ ಸೇರಿಸಿಬಿಟ್ಟರು. ನಂತರ ಬಂದವರಲ್ಲಿ ವಾಲ್ಟರ್ ಎಲಿಯಟ್ ನಮಗೆ ಮುಖ್ಯ. ಧಾರವಾಡ ಸೀಮೆಯಲ್ಲಿ ಕಂಪನಿ ಸರ್ಕಾರದ ಅಧಿಕಾರಿ. 1824ರಲ್ಲಿ ಕಿತ್ತೂರು ಚೆನ್ನಮ್ಮನ ಕಡೆಯವರು ಸೆರೆ ಹಿಡಿದು ಇಟ್ಟುಕೊಂಡಿದ್ದ ಇಬ್ಬರು ಇಂಗ್ಲಿಷರಲ್ಲಿ ಒಬ್ಬರು ಇದೇ ಎಲಿಯಟ್! ಬಿಡುಗಡೆಯಾಗಿ ಉಳಿದ ಮೇಲೆ ಕನ್ನಡ ಶಾಸನಗಳನ್ನೂ ಪ್ರಾಣಿಗಳನ್ನೂ ಸಂಗ್ರಹಿಸಿದರು. 1839ರಲ್ಲಿ ಆ ಸೀಮೆಯ ಸಸ್ತನಿಗಳ ಪಟ್ಟಿ ಅಚ್ಚು ಹಾಕಿಸಿದರು. ಗೆರ್ಬಿಲ್‌ನ ಬಿಲ ಹೇಗಿರುತ್ತದೆ ಎಂದು ಅವರು ಬರೆದದ್ದನ್ನು ಮುಂದಿನ ಪುಸ್ತಕಗಳು ದಶಕಗಳ ಕಾಲ ಎತ್ತಿಕೊಂಡವು. ಎರಡು ಮೂರು ಅಡಿ ಕಡಿದಾಗಿ ಇಳಿದು ಆಮೇಲೆ ಅಡ್ಡಕ್ಕೆ ಕವಲೊಡೆಯುವ ಸುರಂಗ, ಒಣ ಹುಲ್ಲು ಹಾಸಿದ ಕೋಣೆಗಳು. ನಡುವಿನ ದೊಡ್ಡ ಕೋಣೆ ಎಲ್ಲರದ್ದು, ಚಿಕ್ಕ ಕೋಣೆಗಳು ಮರಿ ಹಾಕಿದ ಹೆಣ್ಣುಗಳವು ಎಂದು ಅವರಿಗೆ ಹೇಳಿದ್ದು ಬಿಲ ಅಗೆಯುವುದರಲ್ಲಿ ಪಳಗಿದ್ದ ಒಡ್ಡರು. ಗೆರ್ಬಿಲ್ ಕಾಳು ಕೂಡಿಡುವುದಿಲ್ಲ ಎಂದೂ ಎಲಿಯಟ್ ಗುರುತಿಸಿದ್ದರು. ಭತ್ತದ ತೆನೆಯನ್ನು ಬಿಲಕ್ಕೆ ಎಳೆದು ರಾಶಿ ಹಾಕುವ ಹೆಗ್ಗಣ ಜಾತಿಯ ಇಲಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದು.

20ನೇ ಶತಮಾನದ ಶುರುವಿನಲ್ಲಿ ಮುಂಬೈ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೇಶದ ಸಸ್ತನಿಗಳ ಸರ್ವೆ ನಡೆಸಿತು. ಧಾರವಾಡ, ಕೆನರಾ, ಕೊಡಗುಗಳಿಂದಲೂ ಚರ್ಮ, ಬುರುಡೆಗಳು ಹೋದವು. ಅರಣ್ಯ ಇಲಾಖೆಯಿಂದ ನಿವೃತ್ತರಾಗಿದ್ದ ರಾಟನ್ ಇಂಥವನ್ನು ಅಳೆದು ಟಟೇರಾವನ್ನು ಒಡೆಯುತ್ತಾ ಹೋದರು. ಸಿಂಧ್‌ನದು ಶೆರಿನಿ, ಇರಾನಿನದು ಪರ್ಸಿಕಾ, ಶ್ರೀಲಂಕಾದ್ದು ಸಿಲೋನಿಕಾ. ದಕ್ಷಿಣ ಭಾರತದ್ದಕ್ಕೆ ಕುವಿಯೆರಿ ಎಂಬ ಹೆಸರು 1838ರಿಂದಲೇ ಇತ್ತು. ಆಮೇಲೆ ಜಾನ್ ಎಲರ್ಮನ್ ಬಂದರು. ಅಪ್ಪನ ಹಡಗು ವ್ಯಾಪಾರದಿಂದ ಬ್ರಿಟನ್ನಿನ ಅತಿ ಶ್ರೀಮಂತ ಎನಿಸಿಕೊಂಡಿದ್ದ ಈ ಮನುಷ್ಯನ ನಿಜವಾದ ಹುಚ್ಚು ಇಲಿಗಳು. ಅವರು ಈ ಹೆಸರುಗಳನ್ನೆಲ್ಲ ಮತ್ತೆ ಒಂದೇ ಪ್ರಭೇದದೊಳಗೆ ಸೇರಿಸಿದರು. ಇನ್ನೊಂದು ಕಡೆ, ಬಹಳ ಕಾಲ ಟಟೇರಾ ಎಂದೇ ಕರೆಸಿಕೊಂಡಿದ್ದ ಆಫ್ರಿಕಾದ ಹಲವು ಪ್ರಭೇದಗಳನ್ನು ಈಚೆಗೆ ಗೆರ್ಬಿಲಿಸ್ಕಸ್ ಎಂಬ ಬೇರೆ ಕುಲಕ್ಕೆ ಕಳಿಸಲಾಯಿತು. ಹೊರಗಿನವರನ್ನು ಆಚೆ ಹಾಕಿ, ಒಳಗಿನವರನ್ನು ಒಟ್ಟು ಮಾಡಿದ್ದಕ್ಕೆ ಟಟೇರಾ ಇಂಡಿಕಾ ಒಂಟಿಯಾಯಿತು.

ಈ ಒಂದು ಹೆಸರಿನಡಿ ಇವತ್ತು ಸಿರಿಯಾದಿಂದ ಶ್ರೀಲಂಕಾವರೆಗಿನ ಇಲಿಗಳಿವೆ. ಇರಾನಿನ ಖುಜೆಸ್ತಾನದಲ್ಲಿ ಚರ್ಮದ ಹುಣ್ಣು ತರುವ ಲೀಶ್ಮೇನಿಯಾ ಪರಾವಲಂಬಿಯ ತವರು ಟಟೇರಾ ಇಂಡಿಕಾ. ಕೋಲಾರದಲ್ಲಿ ಪ್ಲೇಗ್‌ನ ಅನುಮಾನ ಇರುವುದೂ ಟಟೇರಾ ಇಂಡಿಕಾ ಮೇಲೆ. ಕಡಲೆಕಾಯಿ ಹೊಲಕ್ಕೆ ನುಗ್ಗುವುದೂ ಅದೇ. ಖುಜೆಸ್ತಾನದ ಅಧ್ಯಯನ ಕೋಲಾರಕ್ಕೆ ಹೊಂದುತ್ತದೆಯೇ ಎಂಬುದು, ಎರಡೂ ಒಂದೇ ಇಲಿಯೇ ಎಂಬ ಪ್ರಶ್ನೆಯ ಮೇಲೆ ನಿಂತಿದೆ. ಸಾಹೇಲ್‌ನ ಐದು ಟಟೆರಿಲಸ್‌ಗಳನ್ನು, ಕುರ್ದಿಸ್ತಾನದ ನಾಲ್ಕು ಮೆರಿಯೋನೆಸ್‌ಗಳನ್ನು ನೋಡಿದ ಮೇಲೆ ಚರ್ಮ, ಬುರುಡೆ ನೋಡಿ ಒಂದಾಗಿಸಿದ್ದನ್ನು ನಂಬಲು ನನಗಂತೂ ಧೈರ್ಯ ಸಾಲದು.

ರೈತರಿಗೂ ಇದು ದೂರದ ಮಾತಲ್ಲ. ಜೋಧಪುರದ ಕೇಂದ್ರೀಯ ಒಣ ವಲಯ ಸಂಶೋಧನಾ ಸಂಸ್ಥೆಯಲ್ಲಿ ಈಶ್ವರ್ ಪ್ರಕಾಶ್ ದಶಕಗಳ ಕಾಲ ಥಾರ್‌ನ ಗೆರ್ಬಿಲ್‌ಗಳ ಹಿಂದೆ ಬಿದ್ದಿದ್ದರು. ಮೆರಿಯೋನೆಸ್ ಹಗಲು ತಿರುಗುವುದು, ಟಟೇರಾ ರಾತ್ರಿ. ಹಾಗಾಗಿ ಮದ್ದು ಇಡುವ ಹೊತ್ತೇ ಬೇರೆ ಬೇರೆ. ಎರಡಕ್ಕೂ ಇರುವ ಒಂದು ಚಾಲಾಕಿತನವನ್ನು ಅವರು 1970ರ ದಶಕದ ಶುರುವಿನಲ್ಲೇ ದಾಖಲಿಸಿದರು. ಜಿಂಕ್ ಫಾಸ್ಫೈಡ್ ಬೆರೆಸಿದ ಕಾಳು ತಿಂದು ಸಾಯದೆ ಉಳಿದ ಗೆರ್ಬಿಲ್ ಆ ತಿನಿಸನ್ನು ಮತ್ತೆ ಮೂಸಿಯೂ ನೋಡುವುದಿಲ್ಲ. ಮೊದಲು ಎರಡು ಮೂರು ದಿನ ಬರೀ ಕಾಳು ಇಟ್ಟು ರೂಢಿ ಮಾಡಿಸಿ, ಆಮೇಲೆ ಮದ್ದು ಬೆರೆಸಿ ಎಂದು ಕೃಷಿ ಇಲಾಖೆಯವರು ಹೇಳುವುದರ ಹಿಂದೆ ಇರುವುದು ಇಂಥ ಅಧ್ಯಯನಗಳೇ. ಕಾಲುವೆ ನೀರು ಬಂದ ಕಡೆ ಮರುಭೂಮಿಯ ಗೆರ್ಬಿಲ್ ಹಿಂದೆ ಸರಿದು ನೀರಾವರಿ ನೆಲದ ಇಲಿಗಳು ಒಳಬಂದದ್ದನ್ನೂ ರಾಜಸ್ಥಾನದಲ್ಲಿ ಕಂಡಿದ್ದಾರೆ. ಬೆಳೆ ಬದಲಾದರೆ ಇಲಿ ಬದಲಾಗುತ್ತದೆ, ಇಲಿ ಬದಲಾದರೆ ಅದರ ಮೇಲಿನ ಚಿಗಟವೂ ಬದಲಾಗುತ್ತದೆ.

ಟಟೇರಾದ ಗಂಟು ಬಿಡಿಸಲು ಹೊಸ ದಂಡಯಾತ್ರೆಯೇನೂ ಬೇಕಿಲ್ಲ. ಪ್ಲೇಗ್ ಕಣ್ಗಾವಲಿನವರು ಹೇಗೂ ಇಲಿ ಹಿಡಿದು ರಕ್ತ ತೆಗೆಯುತ್ತಾರೆ. ಅದೇ ಹೊತ್ತಿನಲ್ಲಿ ಕಿವಿಯ ಅಂಚಿನ ಒಂದು ಚೂರನ್ನು ಮದ್ಯಸಾರದಲ್ಲಿ ಹಾಕಿಟ್ಟು, ಎಲ್ಲಿ, ಯಾವ ಬೆಳೆಯ ಹೊಲದಲ್ಲಿ, ಯಾವತ್ತು ಸಿಕ್ಕಿತು ಎಂದು ಬರೆದಿಟ್ಟರೆ ಡಿಎನ್‌ಎ ಕೆಲಸಕ್ಕೆ ಸಾಕು. ಸರ್ವೆಯ ಕಾಲದ ಚರ್ಮಗಳು ಮುಂಬೈ ಮತ್ತು ಲಂಡನ್ನಿನ ಸಂಗ್ರಹಾಲಯಗಳಲ್ಲಿವೆ. ನೂರು ವರ್ಷದ ಹಳೆಯ ಚರ್ಮದಿಂದಲೂ ಈಗ ಡಿಎನ್‌ಎ ತೆಗೆಯುತ್ತಾರೆ. ಧಾರವಾಡದ ಆಗಿನ ಇಲಿಯನ್ನು ಮುಳಬಾಗಿಲಿನ ಈಗಿನ ಇಲಿಯ ಜೊತೆ, ಇವೆರಡನ್ನೂ ಖುಜೆಸ್ತಾನದ ಅಹ್ವಾಜ್‌ನ ಇಲಿಯ ಜೊತೆ ಇಟ್ಟು ನೋಡಬಹುದು. ಅಷ್ಟಾದರೆ ಕೋಲಾರದ ಇಲಿ ಬಾಲ್ಟಜಾರ್ ಹೇಳಿದ ತಡೆದುಕೊಳ್ಳುವ ಬಗೆಯದ್ದೋ ಸಾಯುವ ಬಗೆಯದ್ದೋ ಎಂದು ಪರೀಕ್ಷಿಸುವಾಗ, ಯಾವ ಇಲಿಯನ್ನು ಪರೀಕ್ಷಿಸುತ್ತಿದ್ದೇವೆ ಎಂಬುದಾದರೂ ಗೊತ್ತಿರುತ್ತದೆ.